ತುಟಿಯೊಳಗಿನ ತೇವವನ್ನು ಅಳೆಸಿಕೊಂಡ ಬಗೆ

ಬಾಯಿ ಆರುತ್ತದೆ ಎಂದು ಹೇಳಿಕೊಂಡವರಿಗೆ ನಮ್ಮ ಕಡೆ ಸಿಗುವ ಮೊದಲ ಉತ್ತರ, ನೀರು ಜಾಸ್ತಿ ಕುಡಿಯಿರಿ ಎಂಬುದು. ಹೇಳಿಕೊಂಡವಳು ಐವತ್ತು ದಾಟಿದ ಹೆಂಗಸಾದರೆ ಎರಡನೆಯ ಉತ್ತರವೂ ಸಿದ್ಧವಾಗಿರುತ್ತದೆ: ಮುಟ್ಟು ನಿಲ್ಲುವ ಕಾಲ, ಎಲ್ಲರಿಗೂ ಹೀಗೇ. ಕುಮಟಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಈ ಎರಡೂ ಉತ್ತರಗಳನ್ನು ಬಹಳ ಕಾಲ ಕೇಳಿದೆ. ಮೂರನೆಯ ಪಿರಿಯಡ್ಡಿನ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಒಣ ಅವಲಕ್ಕಿ ನೀರಿಲ್ಲದೆ ಗಂಟಲಿಳಿಯುತ್ತಿರಲಿಲ್ಲ, ಸಂಜೆಯಾಗುತ್ತಲೇ ಕಣ್ಣು ಉರಿಯುತ್ತಿತ್ತು. ನೀರು ಕುಡಿದರೆ ಬಾಯಿ ಒದ್ದೆಯಾಗುತ್ತಿತ್ತು ನಿಜ, ಆದರೆ ಆ ಒದ್ದೆ ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುವುದಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು, ಶಿರಸಿಯಲ್ಲಿ ಬಾಯಿಯ ರೋಗಗಳ ತಜ್ಞೆಯೊಬ್ಬರು ನನ್ನ ಜೊಲ್ಲನ್ನು, ಅದರಲ್ಲೂ ತುಟಿ, ಕೆನ್ನೆ, ಅಂಗುಳಗಳಲ್ಲಿರುವ ಕಿರುಗ್ರಂಥಿಗಳ ಜೊಲ್ಲನ್ನು ಅಳೆದು ನೋಡಿದ ಮೇಲೆಯೇ. ಬಾಯಿ ಆರುವುದನ್ನು ಅಳೆಯಬಹುದು ಎಂಬ ಸಂಗತಿಯೇ ಬಹಳ ಮಂದಿಗೆ ಗೊತ್ತಿಲ್ಲದ ಕಾರಣ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಲಾಲಾಗ್ರಂಥಿಗಳೆಂದರೆ ಮೂರು ಜೋಡಿ ಎಂದು ನಾನೇ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ: ಕಿವಿಯ ಮುಂದೆ ಒಂದು ಜೋಡಿ, ದವಡೆಯ ಕೆಳಗೆ ಒಂದು, ನಾಲಿಗೆಯ ಅಡಿಯಲ್ಲಿ ಒಂದು. ಪಠ್ಯಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಆದರೆ ತುಟಿಯ ಒಳಮೈ, ಕೆನ್ನೆಯ ಒಳಮೈ, ಅಂಗುಳದ ಹಿಂಭಾಗ, ನಾಲಿಗೆ ಇಲ್ಲೆಲ್ಲ 600ರಿಂದ 1,000ದಷ್ಟು ಸಣ್ಣ ಗ್ರಂಥಿಗಳು ಹರಡಿಕೊಂಡಿವೆ. ಒಂದೊಂದೂ ಕೆಲವೇ ಮಿಲಿಮೀಟರ್ ಗಾತ್ರದ್ದು, ಬಹುತೇಕ ಒಂದೊಂದಕ್ಕೂ ತನ್ನದೇ ಪುಟ್ಟ ನಾಳ. ಒಸಡಿನಲ್ಲಿ ಮತ್ತು ಗಟ್ಟಿ ಅಂಗುಳದ ಮುಂಭಾಗದಲ್ಲಿ ಮಾತ್ರ ಅವು ಇಲ್ಲ. ದಿನವೊಂದಕ್ಕೆ ನಮ್ಮ ಬಾಯಿಯಲ್ಲಿ ಊರುವ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲಿನಲ್ಲಿ ಇವುಗಳ ಪಾಲು ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಪ್ರಮಾಣದಲ್ಲಿ ಇಷ್ಟು ಅಲ್ಪವಾಗಿದ್ದರೂ ಜೊಲ್ಲಿಗೆ ಜಾರುವ ಗುಣವನ್ನು ಕೊಡುವ ಮ್ಯೂಸಿನ್ ಎಂಬ ಲೋಳೆಯ ದೊಡ್ಡ ಪಾಲು ಬರುವುದು ಇವುಗಳಿಂದಲೇ. ದೊಡ್ಡ ಗ್ರಂಥಿಗಳು ಊಟದ ಹೊತ್ತಿಗೆ ಹುರುಪಿನಿಂದ ಸುರಿಸಿ ರಾತ್ರಿ ನಿದ್ದೆಯಲ್ಲಿ ಬಹುಮಟ್ಟಿಗೆ ಸುಮ್ಮನಾದರೆ, ಈ ಕಿರುಗ್ರಂಥಿಗಳು ಯಾರ ಪ್ರಚೋದನೆಗೂ ಕಾಯದೆ ಹಗಲಿರುಳು ಸ್ವಲ್ಪ ಸ್ವಲ್ಪವೇ ಒಸರುತ್ತಿರುತ್ತವೆ. ನುಂಗಿದ ಮೇಲೂ ಬಾಯಿಯ ಒಳಮೈ ಮೇಲೆ ಉಳಿಯುವ ತೇವದ ಪದರ ಸರಾಸರಿ 0.1 ಮಿಲಿಮೀಟರ್ ಮೀರದಷ್ಟು ತೆಳುವಾದದ್ದು, ಗಟ್ಟಿ ಅಂಗುಳದ ಮೇಲಂತೂ ಇನ್ನೂ ತೆಳು. ನಾವು ‘ಬಾಯಿ ಆರಿತು’ ಎನ್ನುವಾಗ ನಮಗೆ ತಿಳಿಯುವುದು ಹೆಚ್ಚಾಗಿ ಈ ಪದರದ ಕೊರತೆಯೇ ಎಂದು ಆ ವೈದ್ಯೆ ಮೊದಲ ಭೇಟಿಯಲ್ಲಿಯೇ ವಿವರಿಸಿದರು. ಕುಡಿದ ನೀರಿನಲ್ಲಿ ಲೋಳೆ ಇಲ್ಲ. ಆದ್ದರಿಂದ ಅದು ಅಂಟಿ ನಿಲ್ಲುವುದಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತ್ತು.

ಅಳತೆಗೆ ಬರುವವರು ಪಾಲಿಸಬೇಕಾದ ನಿಯಮಗಳು ಸರಳವಾಗಿದ್ದರೂ ಕಟ್ಟುನಿಟ್ಟಾದವು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆಯೇ ಅಳೆಯಬೇಕು, ಏಕೆಂದರೆ ಜೊಲ್ಲಿನ ಹರಿವು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಬೇರೆ ಬೇರೆ ಹೊತ್ತಿನ ಅಳತೆಗಳನ್ನು ಹೋಲಿಸಿದರೆ ಅರ್ಥವಿರುವುದಿಲ್ಲ. ಅದಕ್ಕೆ ಮೊದಲು ಒಂದೂವರೆ ಗಂಟೆ ಏನನ್ನೂ ತಿನ್ನಬಾರದು, ಕುಡಿಯಬಾರದು, ಹಲ್ಲುಜ್ಜಬಾರದು. ಕವಳ, ಅಂದರೆ ಎಲೆಯಡಿಕೆ, ಹಾಕುವ ಅಭ್ಯಾಸವಿದೆಯೇ ಎಂದು ಅವರು ಎರಡೆರಡು ಸಲ ಕೇಳಿದರು. ಶಿರಸಿಯ ಸೀಮೆಯಲ್ಲಿ ಆ ಪ್ರಶ್ನೆಯನ್ನು ಕೇಳದೆ ಜೊಲ್ಲನ್ನು ಅಳೆಯಲು ಹೊರಡುವುದು ತಪ್ಪೇ ಆಗುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಜೊಲ್ಲುಗ್ರಂಥಿಗಳನ್ನು ನೇರವಾಗಿ ಕೆರಳಿಸುತ್ತದೆ. ದೀರ್ಘಕಾಲದ ಅಡಿಕೆ ಅಭ್ಯಾಸವಾದರೆ ಬಾಯಿಯ ಒಳಪದರವನ್ನೇ ನಾರುಗಟ್ಟಿಸಿ ಗಡಸಾಗಿಸಬಲ್ಲದು, ಆಗ ಆ ಪದರದಲ್ಲಿರುವ ಕಿರುಗ್ರಂಥಿಗಳಿಗೂ ಪೆಟ್ಟು ಬೀಳುತ್ತದೆ. ನನಗೆ ಆ ಅಭ್ಯಾಸವಿರಲಿಲ್ಲ. ಅಲರ್ಜಿಯ ಮಾತ್ರೆ, ಖಿನ್ನತೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ ಹೀಗೆ ಜೊಲ್ಲನ್ನು ತಗ್ಗಿಸುವ ಔಷಧಿಗಳ ಉದ್ದದ ಪಟ್ಟಿಯೊಂದನ್ನು ಓದಿಸಿದರು. ಅವುಗಳಲ್ಲಿ ಯಾವುದನ್ನೂ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಕುಮಟಾದಿಂದ ಬೆಳಗಿನ ಬಸ್ಸಿಗೆ ಹೊರಟು ದೇವಿಮನೆ ಘಟ್ಟ ಹತ್ತಿ ನೇರವಾಗಿ ಬರುವುದು ಬೇಡ ಎಂದೂ ಅವರು ಹೇಳಿದ್ದರು. ಘಟ್ಟದ ತಿರುವಿನಲ್ಲಿ ಹೊಟ್ಟೆ ತೊಳಸಿದರೆ ಬಾಯಲ್ಲಿ ನೀರೂರುತ್ತದೆ, ವಾಂತಿ ತಡೆಯಲು ಜನ ನಿಂಬೆಹಣ್ಣನ್ನು ಚೀಪುತ್ತಾರೆ. ಎರಡೂ ಅಳತೆಯನ್ನು ಕೆಡಿಸುತ್ತವೆ. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಶಿರಸಿಯಲ್ಲಿ ತಂಗಿಯ ಮನೆಯಲ್ಲಿ ಉಳಿದೆ.

ಮೊದಲು ಅಳೆದದ್ದು ಇಡೀ ಬಾಯಿಯ ಜೊಲ್ಲನ್ನು. ನೆಟ್ಟಗೆ ಕೂತು, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಮಾತಾಡದೆ, ನಾಲಿಗೆಯನ್ನು ಆಡಿಸದೆ, ತೂಕ ಮಾಡಿಟ್ಟ ಬಟ್ಟಲಿಗೆ ಜೊಲ್ಲನ್ನು ತಾನಾಗಿಯೇ ತೊಟ್ಟಿಕ್ಕಲು ಬಿಡಬೇಕು. ಒಬ್ಬರ ಎದುರು ಹೀಗೆ ಕೂರುವುದಕ್ಕೆ ಸಂಕೋಚವಾಗುತ್ತದೆ. ಆ ವೈದ್ಯೆ ಕೋಣೆಯಿಂದ ಹೊರಗೆ ಹೋಗಿ ಗಡಿಯಾರವನ್ನು ಮಾತ್ರ ಮೇಜಿನ ಮೇಲೆ ಇಟ್ಟದ್ದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. 15 ನಿಮಿಷ ಮುಗಿದ ಮೇಲೆ ಬಟ್ಟಲನ್ನು ಮತ್ತೆ ತೂಗಿದರು. ಜೊಲ್ಲಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್ ಎಂದು ಲೆಕ್ಕ. ಸ್ವಸ್ಥರಲ್ಲಿ ನಿಮಿಷಕ್ಕೆ ಸರಾಸರಿ 0.3ರಿಂದ 0.4 ಮಿಲಿಲೀಟರ್ ಇರುತ್ತದೆ, 0.1 ಅಥವಾ ಅದಕ್ಕಿಂತ ಕಡಿಮೆಯಾದರೆ ಜೊಲ್ಲಿನ ಕೊರತೆ ಎಂದು ನಿಶ್ಚಯಿಸುತ್ತಾರೆ. ನನ್ನದು 0.14. ಪ್ಯಾರಾಫಿನ್ ಮೇಣದ ತುಂಡನ್ನು ಅಗಿಯಲು ಕೊಟ್ಟು ಮತ್ತೊಮ್ಮೆ ಸಂಗ್ರಹಿಸಿದಾಗ ನಿಮಿಷಕ್ಕೆ ಒಂದು ಮಿಲಿಲೀಟರಿಗೂ ಸ್ವಲ್ಪ ಹೆಚ್ಚೇ ಬಂತು, ಅಂದರೆ ಅಗಿಯುವಾಗಿನ ಹರಿವಿನಲ್ಲಿ ದೋಷವೇನೂ ಇರಲಿಲ್ಲ. ಬಟ್ಟಲಿನ ಲೆಕ್ಕದ ಪ್ರಕಾರ ನಾನು ಗೆರೆಯ ಈಚೆಗೇ ಇದ್ದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕಾಗದದ ಮೇಲೆ ‘ಸಾಮಾನ್ಯಕ್ಕಿಂತ ತುಸು ಕಡಿಮೆ’ ಎಂಬ ಷರಾ ಬಿದ್ದು, ನೀರು ಕುಡಿಯಿರಿ ಎಂಬ ಸಲಹೆಯೊಂದಿಗೆ ನಾನು ಘಟ್ಟ ಇಳಿಯುತ್ತಿದ್ದೆ.

ಕಿರುಗ್ರಂಥಿಗಳ ಅಳತೆ ಬೇರೆಯೇ ಲೋಕ. ಇಲ್ಲಿ ಬಟ್ಟಲಿಲ್ಲ, ಮಿಲಿಲೀಟರೂ ಇಲ್ಲ. ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರೋಲೀಟರಿನಲ್ಲಿ, ಒಂದು ಚದರ ಸೆಂಟಿಮೀಟರ್ ಒಳಪದರದಿಂದ ಒಂದು ನಿಮಿಷಕ್ಕೆ ಎಷ್ಟು ಬಂತು ಎಂದು ಎಣಿಸಬೇಕು. ಕೆಳತುಟಿಯನ್ನು ಹೊರಕ್ಕೆ ಮಡಚಿ ಹಿಡಿದು, ಹತ್ತಿಬಟ್ಟೆಯಿಂದ ಮೆಲ್ಲನೆ ಒತ್ತಿ ಒಣಗಿಸಿ, ದೀಪ ಹಾಯಿಸಿ ನೋಡಲು ನನಗೂ ಒಂದು ಕನ್ನಡಿ ಕೊಟ್ಟರು. ಸಾಮಾನ್ಯರ ತುಟಿಯಲ್ಲಿ ಇನ್ನೂ ಒಂದು ನಿಮಿಷ ಕಳೆಯುವುದರೊಳಗೆ, ನೀರು ತುಂಬಿಸಿಟ್ಟ ಹೊಸ ಮಡಕೆಯ ಮೈ ಬೆವರುವ ಹಾಗೆ, ಅಲ್ಲಲ್ಲಿ ಸಣ್ಣ ಸಣ್ಣ ಹನಿಗಳು ಮೂಡುತ್ತವೆ. ಅಲ್ಲಿಯ ಸಹಾಯಕಿಯ ತುಟಿಯಲ್ಲಿ ಅದನ್ನು ತೋರಿಸಿದರು. ನನ್ನ ತುಟಿಯಲ್ಲಿ ಒಂದೆರಡು ಹನಿಗಳು ತಡವಾಗಿ ಬಂದವು. ಉಳಿದ ಭಾಗ ಮಬ್ಬಾಗಿಯೇ ಉಳಿಯಿತು.

ಕಣ್ಣಿಗೆ ಕಂಡದ್ದನ್ನು ಕಾಗದದ ಮೇಲೆ ಹಿಡಿಯುವ ಮೊದಲ ವಿಧಾನ ನನಗೆ ತೀರ ಪರಿಚಿತವಾದ ತತ್ವದ್ದು. ಅಯೋಡಿನ್ ಬಳಿದು ಒಣಗಿಸಿ ಪಿಷ್ಟದ ಪುಡಿ ಸವರಿದ ಕಾಗದವನ್ನು ಒಣಗಿಸಿದ ತುಟಿಯ ಮೇಲೆ ಒತ್ತಿ ಹಿಡಿಯುತ್ತಾರೆ. ಒಣಗಿರುವಷ್ಟು ಹೊತ್ತು ಅಯೋಡಿನ್ ಮತ್ತು ಪಿಷ್ಟ ಸುಮ್ಮನಿರುತ್ತವೆ; ತೇವ ತಾಗಿದಲ್ಲಿ ಮಾತ್ರ ಅವು ಕೂಡಿ ಕಪ್ಪುನೀಲಿ ಬಣ್ಣವಾಗುತ್ತದೆ. ಬೆವರಿನ ಗ್ರಂಥಿಗಳನ್ನು ನೋಡುವುದಕ್ಕೂ ಇದೇ ತತ್ವವನ್ನು ಬಳಸುತ್ತಾರೆ. ಆಲೂಗಡ್ಡೆಯ ಹೋಳಿನ ಮೇಲೆ ಅಯೋಡಿನ್ ಹಾಕಿ ಮಕ್ಕಳಿಗೆ ತೋರಿಸುವ ಅದೇ ಬಣ್ಣ ನನ್ನ ತುಟಿಯ ಗ್ರಂಥಿಗಳ ನಕ್ಷೆಯನ್ನು ಬರೆಯಿತು: ಒಂದೊಂದು ಚುಕ್ಕೆಯೂ ಒಂದೊಂದು ನಾಳದ ಬಾಯಿ, ಚುಕ್ಕೆ ದೊಡ್ಡದಾದಷ್ಟೂ ಆ ಗ್ರಂಥಿ ಸುರಿಸಿದ್ದು ಹೆಚ್ಚು. ಸಹಾಯಕಿಯ ಕಾಗದದ ಮೇಲೆ ಚುಕ್ಕೆಗಳು ಒತ್ತೊತ್ತಾಗಿದ್ದವು. ನನ್ನದರಲ್ಲಿ ಅವು ವಿರಳವಾಗಿದ್ದವು, ಒಂದು ಬದಿಯಲ್ಲಂತೂ ಬರಿಯ ಕಾಗದವೇ ಉಳಿದಿತ್ತು.

ಎರಡನೆಯದು ತೂಕದ ವಿಧಾನ. ಸೋಸುಕಾಗದದ ಒಂದು ಚದರ ಸೆಂಟಿಮೀಟರ್ ತುಂಡನ್ನು ಮುಚ್ಚಳವಿರುವ ಪುಟ್ಟ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು ಮೊದಲು ತೂಗಿ, ಒಣಗಿಸಿದ ಒಳಪದರದ ಮೇಲೆ ಅರ್ಧ ನಿಮಿಷ ಇರಿಸಿ, ಚಿಮಟದಿಂದ ತೆಗೆದು ತಕ್ಷಣ ಅದೇ ಕೊಳವೆಗೆ ಹಾಕಿ ಮುಚ್ಚಿ ಮತ್ತೆ ತೂಗುತ್ತಾರೆ. ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಬೇಕು, ಗಾಳಿಯಾಡದಂತೆ ಅದರ ಗಾಜಿನ ಬಾಗಿಲನ್ನು ಮುಚ್ಚಿರಬೇಕು. ಕಾಗದ ಹೀರಿದ ತೇವವನ್ನು ವಿದ್ಯುತ್ತಿನ ಗುಣದಿಂದ ಅಳೆಯುವ ಪೆರಿಯೋಟ್ರಾನ್ ಎಂಬ ಯಂತ್ರವೂ ಇದೆ. ಎರಡು ಲೋಹದ ಬಿಲ್ಲೆಗಳ ನಡುವೆ ಕಾಗದವನ್ನಿಟ್ಟರೆ, ಒದ್ದೆಯಾದಷ್ಟೂ ಬದಲಾಗುವ ಧಾರಕತೆಯನ್ನು, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಶಕ್ತಿಯನ್ನು, ಅದು ಅಂಕಿಯಾಗಿ ತೋರಿಸುತ್ತದೆ. ಒಸಡಿನ ಅಂಚಿನ ದ್ರವವನ್ನು ಅಳೆಯಲೆಂದು ಬಂದ ಯಂತ್ರ ಅದು, ಕಿರುಗ್ರಂಥಿಗಳ ಸಂಶೋಧನೆಯಲ್ಲಿಯೂ ಬಳಕೆಯಾಗಿದೆ. ಶಿರಸಿಯಲ್ಲಿ ಅದಿರಲಿಲ್ಲ, ತಕ್ಕಡಿಯೇ ಗತಿ.

ನಾನು ಹೋದದ್ದು ಆಷಾಢದ ಮಳೆಯಲ್ಲಿ. ತಕ್ಕಡಿಯ ಮುಂದೆ ಕೂತಾಗ ನನ್ನೊಳಗಿನ ಮೇಷ್ಟರಿಗೆ ಸುಮ್ಮನಿರಲಾಗಲಿಲ್ಲ. ಆ ಜಾತಿಯ ಸೋಸುಕಾಗದ ಒಂದು ಚದರ ಮೀಟರಿಗೆ ಸುಮಾರು 87 ಗ್ರಾಂ ತೂಗುತ್ತದೆ, ಅಂದರೆ ನಮ್ಮ ತುಂಡಿನ ತೂಕ ಒಂಬತ್ತು ಮಿಲಿಗ್ರಾಮಿಗೆ ತುಸು ಕಡಿಮೆ. ಕಾಗದವೆಂದರೆ ಸೆಲ್ಯುಲೋಸ್, ಅದು ಗಾಳಿಯಿಂದಲೇ ತೇವವನ್ನು ಹೀರುತ್ತದೆ. ಒಣಹವೆಯಲ್ಲಿ ತನ್ನ ತೂಕದ ನೂರಕ್ಕೆ ಐದಾರು ಭಾಗದಷ್ಟು, ಮಳೆಗಾಲದ ನಮ್ಮ ಹವೆಯಲ್ಲಿ ಹತ್ತಕ್ಕೂ ಹೆಚ್ಚು ಭಾಗ. ಆ ವ್ಯತ್ಯಾಸ ಅರ್ಧ ಮಿಲಿಗ್ರಾಮಿನ ಆಸುಪಾಸು ಬರುತ್ತದೆ. ತುಟಿಯಿಂದ ಅರ್ಧ ನಿಮಿಷದಲ್ಲಿ ನಾವು ನಿರೀಕ್ಷಿಸುವ ಜೊಲ್ಲಾದರೂ ಒಂದು ಮಿಲಿಗ್ರಾಮಿನ ಅಕ್ಕಪಕ್ಕದ್ದು! ಅಳೆಯಬೇಕಾದ ವಸ್ತುವಿನ ಅರ್ಧದಷ್ಟನ್ನು ಮಳೆಯೇ ಕಾಗದಕ್ಕೆ ಸೇರಿಸಿಬಿಡಬಹುದು. ಇದನ್ನು ನಾನು ಹೇಳಿದಾಗ ಆ ವೈದ್ಯೆಯ ಮುಖ ಅರಳಿತು, ಏಕೆಂದರೆ ಅವರು ಅದಕ್ಕೆ ವ್ಯವಸ್ಥೆಯನ್ನು ಆಗಲೇ ಮಾಡಿಕೊಂಡಿದ್ದರು. ಕಾಗದದ ತುಂಡುಗಳನ್ನು ಸಿಲಿಕಾ ಜೆಲ್ ಹರಳುಗಳ ಡಬ್ಬಿಯಲ್ಲಿಟ್ಟಿದ್ದರು; ಪ್ರತಿಯೊಂದು ಅಳತೆಯ ಜೊತೆಗೂ ಇನ್ನೊಂದು ತುಂಡನ್ನು ಹಾಗೆಯೇ ಕೊಳವೆಯಿಂದ ತೆಗೆದು, ಅಷ್ಟೇ ಹೊತ್ತು ಚಿಮಟದಲ್ಲಿ ಬಾಯಿಯ ಹತ್ತಿರ ಹಿಡಿದು, ಏನನ್ನೂ ಮುಟ್ಟಿಸದೆ ಹಿಂದಕ್ಕೆ ಹಾಕಿ ತೂಗುತ್ತಿದ್ದರು. ಆ ಖಾಲಿ ತುಂಡಿಗೆ ಸೇರಿದ ತೂಕವನ್ನು ನಿಜವಾದ ತುಂಡಿನದರಿಂದ ಕಳೆಯುವುದು. ಕರಾವಳಿಯಲ್ಲಿ ಯಾರಾದರೂ ಈ ಅಳತೆಗೆ ತೊಡಗಿದರೆ ಈ ಕಳೆಯುವ ಲೆಕ್ಕವನ್ನು ಬಿಡಕೂಡದು ಎಂದು ನಾನು ಒತ್ತಿ ಹೇಳುತ್ತೇನೆ. ಅದಿಲ್ಲದಿದ್ದರೆ ಒಣಗಿದ ತುಟಿಯೂ ಮಳೆಗಾಲದಲ್ಲಿ ಆರೋಗ್ಯವಾಗಿರುವಂತೆ ಕಾಣುತ್ತದೆ.

ಕೆನ್ನೆಯ ಸರದಿಯಲ್ಲಿ ತೊಡಕು ಬೇರೆ. ಮೇಲಿನ ಎರಡನೆಯ ದವಡೆಹಲ್ಲಿನ ಎದುರಿಗೆ ಕಿವಿಯ ಮುಂದಿನ ದೊಡ್ಡ ಗ್ರಂಥಿಯ ನಾಳ ಬಂದು ತೆರೆಯುತ್ತದೆ. ಅಲ್ಲಿಂದ ಒಂದು ಹನಿ ಜಾರಿದರೂ ಕಿರುಗ್ರಂಥಿಗಳ ಲೆಕ್ಕ ಮುಳುಗಿಹೋಗುತ್ತದೆ. ಅದಕ್ಕಾಗಿ ಆ ನಾಳದ ಬಾಯಿಗೆ ಹತ್ತಿಯ ಸುರುಳಿಯನ್ನು ಒತ್ತಿಟ್ಟು, ಅದರಿಂದ ಸಾಕಷ್ಟು ಕೆಳಗೆ ಕಾಗದವನ್ನು ಇಡುತ್ತಾರೆ. ಅಂಗುಳದಲ್ಲಿ ನಡುಗೆರೆಯನ್ನು ಬಿಟ್ಟು, ದವಡೆಹಲ್ಲಿನ ನೇರಕ್ಕೆ ಒಸಡಿನಿಂದ ಒಳಗೆ ಇಡಬೇಕು. ತೀರ ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ, ಓಕರಿಕೆ ಬಂದರೆ ದೊಡ್ಡ ಗ್ರಂಥಿಗಳೆಲ್ಲ ಒಮ್ಮೆಗೇ ಸುರಿಸುತ್ತವೆ, ಆಮೇಲೆ ಕಾಯಬೇಕು. ಪ್ರತಿ ಜಾಗದಲ್ಲೂ ಹಲವು ಸಲ ಅಳೆದು ಸರಾಸರಿ ಹಿಡಿದರು. ಸ್ವಸ್ಥರಲ್ಲಿ ಈ ಮೂರು ಜಾಗಗಳ ಪೈಕಿ ಕೆನ್ನೆಯ ಹರಿವು ಹೆಚ್ಚು, ಅಂಗುಳದ್ದು ಎಲ್ಲಕ್ಕಿಂತ ಕಡಿಮೆ. ಈ ಕ್ರಮ ನನ್ನಲ್ಲಿಯೂ ಹಾಗೆಯೇ ಇತ್ತು. ಆದರೆ ಅವರು ಅದೇ ಕಾಗದ, ಅದೇ ತಕ್ಕಡಿಯಿಂದ ನನ್ನ ವಯಸ್ಸಿನ ಸ್ವಸ್ಥ ಮಹಿಳೆಯರಲ್ಲಿ ಅಳೆದಿಟ್ಟುಕೊಂಡಿದ್ದ ಅಂಕಿಗಳ ಪಕ್ಕದಲ್ಲಿಟ್ಟಾಗ ಕೆನ್ನೆಯದು ತುಸುವೇ ಹಿಂದೆ, ಅಂಗುಳದ್ದು ಕಡಿಮೆ, ತುಟಿಯದು ಅರ್ಧಕ್ಕಿಂತಲೂ ಕಡಿಮೆ ಎಂದು ಕಂಡಿತು.

ಈ ಅಂಕಿಯಿಂದಲೇ ರೋಗವನ್ನು ಹೆಸರಿಸಲಾಗದು ಎಂದು ಅವರು ಅಂದೇ ಸ್ಪಷ್ಟಪಡಿಸಿದರು. ಕಿರುಗ್ರಂಥಿಗಳ ಹರಿವು ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ, ಅಳೆಯುವ ವಿಧಾನಕ್ಕೆ ತಕ್ಕಂತೆಯೂ ಬದಲಾಗುತ್ತದೆ, ಎಲ್ಲರೂ ಒಪ್ಪಿದ ಗೆರೆಯೊಂದು ಇಲ್ಲ. ಆದರೂ ತುಟಿಯೊಂದೇ ಇಷ್ಟು ಹಿಂದೆ ಬಿದ್ದಿರುವಾಗ, ಜೊತೆಗೆ ಕಣ್ಣೂ ಉರಿಯುತ್ತಿರುವಾಗ, ಶೋಗ್ರೆನ್ ಕಾಯಿಲೆಯನ್ನು ಹುಡುಕದೆ ಬಿಡಬಾರದು ಎಂದರು. ದೇಹದ ರಕ್ಷಣಾ ಕಣಗಳು ತನ್ನದೇ ಜೊಲ್ಲಿನ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆ ಎರಗುವ ಈ ಕಾಯಿಲೆಯನ್ನು ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದರು; ಇದರಿಂದ ಬಳಲುವವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಹೆಂಗಸರು.

ಕಣ್ಣಿನ ಕೆಳರೆಪ್ಪೆಗೆ ಸಿಕ್ಕಿಸುವ ಕಾಗದದ ಪಟ್ಟಿಯ ಪರೀಕ್ಷೆ ಬೇಗ ಮುಗಿಯಿತು: ಐದು ನಿಮಿಷಕ್ಕೆ 4 ಮಿಲಿಮೀಟರ್ ಮಾತ್ರ ಒದ್ದೆಯಾಯಿತು, ಐದು ಅಥವಾ ಅದಕ್ಕಿಂತ ಕಡಿಮೆಯಾದರೆ ಕೊರತೆ. ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯವನ್ನು ಹುಡುಕಿದರು, ಸಿಗಲಿಲ್ಲ. ಕಾಯಿಲೆ ಇದ್ದವರೆಲ್ಲರಲ್ಲೂ ಅದು ಸಿಗುವುದಿಲ್ಲ. ಹೆಪಟೈಟಿಸ್ ಸಿ ಮೊದಲಾದ, ಇದೇ ತೆರನ ಲಕ್ಷಣಗಳನ್ನು ತೋರುವ ಬೇರೆ ಕಾರಣಗಳನ್ನೂ ಪರೀಕ್ಷಿಸಿ ಬದಿಗೆ ಸರಿಸಿದರು. ಉಳಿದದ್ದು ತುಟಿಯ ಬಯಾಪ್ಸಿ.

ಅದರ ಹೆಸರು ಕೇಳಿದಾಗ ಆದ ಭಯಕ್ಕೂ ನಿಜವಾಗಿ ನಡೆದದ್ದಕ್ಕೂ ಹೋಲಿಕೆಯಿಲ್ಲ. ಕೆಳತುಟಿಯ ಒಳಗೆ, ನಡುವಿನಿಂದ ಬದಿಗೆ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಒಂದು ಸೆಂಟಿಮೀಟರಿನಷ್ಟು ಉದ್ದ ಕೊಯ್ದರು. ಹೊರಗೆ ಉಬ್ಬಿ ಬರುವ ಕಿರುಗ್ರಂಥಿಗಳಲ್ಲಿ ಕೆಲವನ್ನು, ನರದ ಎಳೆಗಳಿಗೆ ತಾಗದಂತೆ ಎಚ್ಚರದಿಂದ ಬಿಡಿಸಿ ತೆಗೆದು, ಹೊಲಿಗೆ ಹಾಕಿದರು. ತೆಗೆದ ಗ್ರಂಥಿಗಳನ್ನು ನನಗೂ ತೋರಿಸಿದರು. ಸಾಸಿವೆಗಿಂತ ತುಸು ದೊಡ್ಡ, ಮಾಸಲು ಬಣ್ಣದ ಕಾಳುಗಳು. ಊತ ಬೇಗ ಇಳಿಯಿತು. ತುಟಿಯ ಆ ಭಾಗದಲ್ಲಿ ಜೋಮು ಕೆಲವರಿಗೆ ಬಹುಕಾಲ ಉಳಿಯಬಹುದೆಂದು ಮೊದಲೇ ತಿಳಿಸಿ ಸಹಿ ಪಡೆದಿದ್ದರು. ನನಗೆ ಅದು ಸ್ವಲ್ಪ ಉಳಿದಿದೆ, ಚಹಾದ ಬಿಸಿ ಅಲ್ಲಿ ಮಂದವಾಗಿ ತಿಳಿಯುತ್ತದೆ.

ಸೂಕ್ಷ್ಮದರ್ಶಕದಡಿ ಎಣಿಸುವುದು ಲಿಂಫೋಸೈಟ್ ಎಂಬ ಬಿಳಿಕಣಗಳ ಗುಂಪುಗಳನ್ನು. ಗ್ರಂಥಿಯ ನಾಳದ ಸುತ್ತ 50 ಅಥವಾ ಹೆಚ್ಚು ಕಣಗಳು ಮುತ್ತಿಕೊಂಡಿದ್ದರೆ ಅದೊಂದು ಗುಂಪು; ಬಯಾಪ್ಸಿ ಈ ಕಾಯಿಲೆಯನ್ನು ತೋರಿಸಿತು ಎನ್ನಲು 4 ಚದರ ಮಿಲಿಮೀಟರಿಗೆ ಒಂದಾದರೂ ಅಂಥ ಗುಂಪು ಇರಬೇಕು. ಕಿರುಗ್ರಂಥಿಗಳ ಚೂರನ್ನು ಹೀಗೆ ಶ್ರೇಣೀಕರಿಸುವ ಕ್ರಮವನ್ನು 1968ರಲ್ಲಿ ಚಿಸಮ್ ಮತ್ತು ಮೇಸನ್ ಎಂಬವರು ಮೊದಲು ಕೊಟ್ಟರು. ನನ್ನ ಗ್ರಂಥಿಗಳಲ್ಲಿ ಗುಂಪುಗಳು ಒಂದನ್ನು ಮೀರಿದ್ದವು. ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು 2016ರಲ್ಲಿ ಕೂಡಿ ರೂಪಿಸಿದ ಮಾನದಂಡದಲ್ಲಿ ತುಟಿಯ ಬಯಾಪ್ಸಿಗೆ 3 ಅಂಕ, ಆಂಟಿ-ರೋ ಪ್ರತಿಕಾಯಕ್ಕೆ 3 ಅಂಕ. ಕಣ್ಣಿನ ಪಟ್ಟಿಗೆ, ಕಣ್ಣಿಗೆ ಬಣ್ಣ ಹಾಕಿ ನೋಡುವುದಕ್ಕೆ, ಬಟ್ಟಲಿನ ಜೊಲ್ಲಿಗೆ ತಲಾ 1 ಅಂಕ. ಒಟ್ಟು 4 ಬಂದರೆ ಕಾಯಿಲೆಯ ವರ್ಗಕ್ಕೆ ಸೇರಿಸುತ್ತಾರೆ. ಸಂಶೋಧನೆಗೆಂದು ರೂಪಿಸಿದ ಮಾನದಂಡವಾದರೂ ವೈದ್ಯರಿಗೆ ಅದೇ ದಾರಿದೀಪ. ನನಗೆ ತುಟಿಯಿಂದ 3, ಕಣ್ಣಿನಿಂದ 1 ಬಂದವು. ಬಟ್ಟಲಿನ ಜೊಲ್ಲು ಸೊನ್ನೆ ಕೊಟ್ಟಿತು, ರಕ್ತವೂ ಸೊನ್ನೆ. ಬಟ್ಟಲು ಮತ್ತು ರಕ್ತವನ್ನಷ್ಟೇ ನಂಬಿದ್ದರೆ ನಾನು ಇನ್ನೂ ಮುಟ್ಟು ನಿಲ್ಲುವ ಕಾಲದ ಹೆಂಗಸಾಗಿಯೇ ಉಳಿದಿರುತ್ತಿದ್ದೆ. ಕಾಗದದ ಮೇಲಿನ ಆ ವಿರಳ ಚುಕ್ಕೆಗಳಿಗೆ ಮಾನದಂಡದಲ್ಲಿ ಅಂಕವೇ ಇಲ್ಲ. ಆದರೆ ತುಟಿಯನ್ನು ಕೊಯ್ದು ನೋಡುವಷ್ಟು ಅನುಮಾನವನ್ನು ಹುಟ್ಟಿಸಿದ್ದು ಅವೇ.

ಈಗ ಪೈಲೋಕಾರ್ಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಕ್ಷಿಣ ಅಮೆರಿಕದ ಗಿಡವೊಂದರ ಎಲೆಯಿಂದ ಬಂದ ಈ ಔಷಧಿ ಅಳಿದುಳಿದ ಗ್ರಂಥಿಗಳನ್ನು ಕೆರಳಿಸಿ ಜೊಲ್ಲನ್ನು ಹೆಚ್ಚಿಸುತ್ತದೆ. ಜೊತೆಗೆ ಬೆವರನ್ನೂ ಹೆಚ್ಚಿಸುತ್ತದೆ, ಕುಮಟಾದ ಏಪ್ರಿಲ್ ತಿಂಗಳಲ್ಲಿ ಅದು ಸಣ್ಣ ತೊಂದರೆಯಲ್ಲ. ಬಾಯಲ್ಲಿ ನೀರೂರಿಸಲೆಂದು ನಿಂಬೆಹಣ್ಣು, ಹುಣಸೆ, ಅಪ್ಪೆಮಿಡಿಯ ಹುಳಿಯನ್ನು ಚೀಪುತ್ತಿದ್ದುದನ್ನು ಬಿಡಿಸಿದ್ದಾರೆ. ಆಮ್ಲವನ್ನು ತೊಳೆದುಹಾಕುವ ಜೊಲ್ಲೇ ಕಡಿಮೆಯಿರುವಾಗ ಹಲ್ಲಿನ ಮೇಲ್ಪದರ ಬೇಗ ಕರಗುತ್ತದೆ. ಫ್ಲೋರೈಡ್ ಹೆಚ್ಚಿರುವ ಪೇಸ್ಟು, ಕಣ್ಣಿಗೆ ಹನಿಮದ್ದು ದಿನವೂ ನಡೆದಿವೆ. ಈ ಕಾಯಿಲೆಯವರಲ್ಲಿ ಲಿಂಫೋಮಾ ಎಂಬ ಕ್ಯಾನ್ಸರಿನ ಸಾಧ್ಯತೆ ಇತರರಿಗಿಂತ ಹೆಚ್ಚಾದ್ದರಿಂದ ಕಿವಿಯ ಮುಂದೆ ಇಳಿಯದ ಊತ ಕಂಡರೆ ತಕ್ಷಣ ಬರಬೇಕೆಂದಿದ್ದಾರೆ. ತುಟಿಯ ಮುಂದಿನ ಅಳತೆಯನ್ನು ಔಷಧಿ ಹಿಡಿದ ಮೇಲೆ ಬೆಳಗಿನ ಅದೇ ಹೊತ್ತಿಗೆ, ಖಾಲಿ ತುಂಡಿನ ಲೆಕ್ಕದೊಂದಿಗೆ, ಬಯಾಪ್ಸಿ ಮಾಡದ ಬದಿಯಲ್ಲಿ ಮಾಡುವುದೆಂದು ನಿಶ್ಚಯವಾಗಿದೆ.